ಯಾವ ಕೋಣೆಗೆ ಯಾವ ಬಲ್ಬ್? ತರುವ ಮೊದಲು ಡಬ್ಬಿ ಓದಿ

ಬಲ್ಬ್ ಕೊಳ್ಳುವಾಗ ನಾವು ನೋಡುವುದು ವ್ಯಾಟ್ ಮತ್ತು ರೇಟು, ಅಷ್ಟೇ ಅಲ್ವಾ? ಸುಮ್ನೆ ಎಲ್‌ಇಡಿ ಬಲ್ಬ್ ಕೊಡಿ ಅಂದರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಬಿಳಿ ಬಲ್ಬನ್ನೇ ಕೊಡುತ್ತಾರೆ. ಹಾಗಾಗಿ ಹಾಲ್, ಬೆಡ್‌ರೂಮ್, ದೇವರ ಮನೆ, ಎಲ್ಲಾ ಕಡೆ ಒಂದೇ ಬೆಳಕು.

ಡಬ್ಬಿ ಮೇಲೆ ಕೆಲ್ವಿನ್ (K) ಅಂಕಿ ಹುಡುಕಿ, ಬೆಳಕಿನ ಬಣ್ಣ ಹೇಳುವುದು ಅದೇ. 2700 ಅಥವಾ 3000 ಅಂತ ಇದ್ದರೆ ಅದು ವಾರ್ಮ್ ವೈಟ್, ಹಳೇ ಬುರುಡೆ ಬಲ್ಬಿನ ಹಾಗೆ ಹಳದಿ ಬೆಳಕು. 4000 ಅಂದರೆ ನಡುವಿನದು. 6500 ಅಂದರೆ ಕೂಲ್ ಡೇಲೈಟ್, ಸ್ವಲ್ಪ ನೀಲಿ ಬೆರೆತ ಬಿಳಿ.

ಮೊದಲು ಬೆಡ್‌ರೂಮ್ ಬಲ್ಬ್ ಬದಲಾಯಿಸಿ. ನಿದ್ದೆಗೆ ಬೇಕಾದ ಮೆಲಟೋನಿನ್ ಅನ್ನೋ ಹಾರ್ಮೋನು ಸಂಜೆಯಿಂದ ಮೈಯಲ್ಲಿ ತಾನೇ ಹೆಚ್ಚುತ್ತದೆ, ಆದರೆ ನೀಲಿ ಅಂಶ ಜಾಸ್ತಿ ಇರುವ ಪ್ರಖರ ಬೆಳಕು ಕಣ್ಣಿಗೆ ಬೀಳುತ್ತಿದ್ದರೆ ಅದಕ್ಕೆ ಅಡ್ಡಿಯಾಗುತ್ತದೆ. ಅಲ್ಲಿಗೆ 2700 ಸಾಕು. ಅದೂ ನೆತ್ತಿಯ ಮೇಲೆ ಬೇಡ, ಮಂಚದ ಪಕ್ಕ 5 ವ್ಯಾಟ್‌ನ ಒಂದು ದೀಪ ಇಡಿ.

ಅಡುಗೆಮನೆಯಲ್ಲಿ ಬಣ್ಣಕ್ಕಿಂತ ದೀಪದ ಜಾಗ ಮುಖ್ಯ. ಟ್ಯೂಬ್‌ಲೈಟ್ ಬೆನ್ನ ಹಿಂದೆ ಇದ್ದರೆ ತರಕಾರಿ ಹೆಚ್ಚುವಾಗ ನಮ್ಮ ನೆರಳು ಕಟ್ಟೆ ಮೇಲೆಯೇ ಬೀಳುತ್ತದೆ, ಆಮೇಲೆ ಎಷ್ಟು ವ್ಯಾಟ್ ಏರಿಸಿದರೂ ಅಷ್ಟೇ. ಮೇಲಿನ ಕಪಾಟಿನ ಅಡಿಗೆ 4000ದ ಒಂದು ಎಲ್‌ಇಡಿ ಪಟ್ಟಿ ಅಂಟಿಸಿ ನೋಡಿ, ದಿನಾ ಅಲ್ಲಿ ನಿಲ್ಲುವವರಿಗೆ ಎಷ್ಟು ಆರಾಮ ಅಂತ ಗೊತ್ತಾಗುತ್ತದೆ. ಸಿಆರ್‌ಐ (ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಂಕಿ, 100ಕ್ಕೆ) 90 ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು, ಸೊಪ್ಪು ಬಾಡಿದೆಯೋ ತಾಜಾ ಇದೆಯೋ ಸರಿಯಾಗಿ ಕಾಣುತ್ತದೆ. ಸೀರೆ ಬಣ್ಣ ನೋಡುವ ಕನ್ನಡಿ ಹತ್ತಿರಕ್ಕೂ ಇದೇ ಮಾತು.

ಹಾಲ್‌ಗೆ ಎರಡು ಸ್ವಿಚ್ ಇರಲಿ: ಜನ ಬಂದಾಗ ದೊಡ್ಡ ಬೆಳಕು, ಟಿವಿ ನೋಡುವಾಗ ಮೂಲೆಯಲ್ಲಿ ಸಣ್ಣ ಹಳದಿ ದೀಪ. ಪೂರ್ತಿ ಕತ್ತಲೆಯಲ್ಲಿ ಟಿವಿ ನೋಡಿದರೆ ಕಣ್ಣು ಬೇಗ ದಣಿಯುತ್ತದೆ. ಫ್ಯಾನ್ ರೆಕ್ಕೆಯ ನೇರ ಮೇಲೆ ಮಾತ್ರ ದೀಪ ಹಾಕಿಸಬೇಡಿ, ರೆಕ್ಕೆ ತಿರುಗಿದಂತೆಲ್ಲಾ ಬೆಳಕು ಕತ್ತರಿಸಿ ಮಿಣಮಿಣ ಅನ್ನುತ್ತದೆ.

ಮಿಣುಕು ಬಲ್ಬಿನದ್ದೇ ಆಗಿರಲೂಬಹುದು. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು, ಹಾಗಾಗಿ ಸುತ್ತಿಗೆ ಎರಡು ಸಲದಂತೆ ಕಳಪೆ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಕಾಣದಿದ್ದರೂ ಕೆಲವರಿಗೆ ತಲೆನೋವು ಬರುತ್ತದೆ. ಮೊಬೈಲ್‌ನ ಸ್ಲೋ ಮೋಷನ್‌ನಲ್ಲಿ ವಿಡಿಯೋ ತೆಗೆಯಿರಿ. ಬೆಳಕು ಜೋರಾಗಿ ಬಡಿದುಕೊಂಡಂತೆ ಕಂಡರೆ ಆ ಬಲ್ಬನ್ನು ಮಕ್ಕಳು ಓದುವ ಮೇಜಿನಿಂದ ಮೊದಲು ತೆಗೆಯಿರಿ.

ತೆಗೆದ 6500ರ ಬಲ್ಬ್‌ಗಳು ಚೆನ್ನಾಗಿದ್ದರೆ ಎಸೆಯಬೇಡಿ. ಬಟ್ಟೆ ಒಗೆಯುವ ಜಾಗಕ್ಕೆ, ಸ್ಟೋರ್ ರೂಮಿಗೆ ಅವು ಆಗುತ್ತವೆ.