ಆನ್‌ಲೈನ್ ಅಂಗಡಿಗೆ ಶಿಪ್ಪಿಂಗ್ ವಲಯ ಮತ್ತು ಡೆಲಿವರಿ ದರ ಹಾಕುವ ಬಗೆ

ಸೆಟ್ಟಿಂಗ್ಸ್ ತೆರೆಯುವ ಮೊದಲು ಕೊರಿಯರ್‌ನವರ ದರಪಟ್ಟಿ, ಒಂದು ಅಳತೆ ಟೇಪು, ಒಂದು ತಕ್ಕಡಿ ಹತ್ತಿರ ಇಟ್ಟುಕೊಳ್ಳಿ. ವಲಯ ಎಂದರೆ ಒಂದೇ ಡೆಲಿವರಿ ದರ ಹಾಕುವ ಜಾಗಗಳ ಗುಂಪು. ವಲಯಗಳನ್ನು ಭೂಪಟ ನೋಡಿ ಮಾಡಬಾರದು, ದರಪಟ್ಟಿ ನೋಡಿ ಮಾಡಬೇಕು. ಐದು ರಾಜ್ಯಗಳಿಗೆ ಕೊರಿಯರ್ ಒಂದೇ ದರ ಹಾಕುತ್ತಿದ್ದರೆ ಐದಕ್ಕೂ ಒಂದೇ ವಲಯ ಸಾಕು. ಒಂದೇ ರಾಜ್ಯದಲ್ಲಿ ದೂರದ ಕೆಲವು ಊರುಗಳಿಗೆ ಹೆಚ್ಚುವರಿ ಶುಲ್ಕ ಇದ್ದರೆ ಆ ಪಿನ್‌ಕೋಡ್‌ಗಳಿಗೆ ಮಾತ್ರ ಬೇರೆ ವಲಯ ಬೇಕು. ಸಣ್ಣ ಅಂಗಡಿಗೆ ಮೂರು ನಾಲ್ಕು ವಲಯ ಧಾರಾಳ. ಇಪ್ಪತ್ತು ಮಾಡಿಟ್ಟರೆ, ಕೊರಿಯರ್ ದರ ಏರಿದ ದಿನ ಇಪ್ಪತ್ತನ್ನೂ ತಿದ್ದುತ್ತ ಕೂರಬೇಕು.

ತೂಕದಿಂದ ಶುರುಮಾಡಿ

ನಷ್ಟ ಹೆಚ್ಚಾಗಿ ಆಗುವುದು ಇಲ್ಲೇ. ಕೊರಿಯರ್ ಲೆಕ್ಕ ಹಾಕುವುದು ತಕ್ಕಡಿಯ ತೂಕವನ್ನಷ್ಟೇ ಅಲ್ಲ, ಪೆಟ್ಟಿಗೆ ಹಿಡಿಯುವ ಜಾಗವನ್ನೂ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿದರೆ ವಾಲ್ಯುಮೆಟ್ರಿಕ್ ತೂಕ ಕಿಲೋದಲ್ಲಿ ಸಿಗುತ್ತದೆ. 40×30×20 ಪೆಟ್ಟಿಗೆಯಲ್ಲಿ 1.2 ಕಿಲೋ ದಿಂಬುಗಳಿದ್ದರೂ ಬಿಲ್ ಬರುವುದು 4.8 ಕಿಲೋಗೆ, ಎರಡರಲ್ಲಿ ಹೆಚ್ಚಿರುವುದೇ ಲೆಕ್ಕ. ದರದ ಸ್ಲ್ಯಾಬ್, ಅಂದರೆ ತೂಕದ ಹಂತ, 500 ಗ್ರಾಮಿನದಾದರೆ ಅದು ಮುಂದಿನ ಹಂತಕ್ಕೆ ಏರಿ 5 ಕಿಲೋ ಆಗುತ್ತದೆ. ಭಾಜಕ ಕೆಲವರಲ್ಲಿ 4000, ಕೆಲವರಲ್ಲಿ 6000 ಇರುತ್ತದೆ, ಒಪ್ಪಂದದಲ್ಲಿ ನೋಡಿಕೊಳ್ಳಿ.

ಆದ್ದರಿಂದ ಪ್ರತಿ ಉತ್ಪನ್ನವನ್ನೂ ಪ್ಯಾಕ್ ಮಾಡಿದ ಮೇಲೆ ತೂಗಿ, ಅಳೆದು, ಎರಡರಲ್ಲಿ ದೊಡ್ಡ ತೂಕವನ್ನೇ ಉತ್ಪನ್ನದ ಪುಟದಲ್ಲಿ ತುಂಬಿಸಿ. ಖಾಲಿ ಬಿಟ್ಟರೆ ಅದು ಸೊನ್ನೆ ಎಂದಾಗುತ್ತದೆ. ಭಾರವಾದ ಸಾಮಾನೂ ಕನಿಷ್ಠ ದರದಲ್ಲಿ ಹೊರಟುಹೋಗುತ್ತದೆ.

ವಲಯಗಳ ಸಾಲು

ವರ್ಡ್‌ಪ್ರೆಸ್ ಸೈಟನ್ನು ಅಂಗಡಿಯಾಗಿಸುವ ವೂಕಾಮರ್ಸ್‌ನಲ್ಲಿ ವಲಯಗಳನ್ನು ಮೇಲಿನಿಂದ ಕೆಳಕ್ಕೆ ನೋಡಲಾಗುತ್ತದೆ. ಗ್ರಾಹಕರ ವಿಳಾಸ ಮೊದಲು ಯಾವುದಕ್ಕೆ ಹೊಂದುತ್ತದೋ ಅದೇ ಕೊನೆ, ಕೆಳಗಿನವನ್ನು ನೋಡುವುದೇ ಇಲ್ಲ. ಹಾಗಾಗಿ ಪಿನ್‌ಕೋಡ್ ವಲಯ ಮೇಲೆ, ಅದರ ಕೆಳಗೆ ರಾಜ್ಯ, ಆಮೇಲೆ ಇಡೀ ದೇಶ. ದೇಶದ ವಲಯ ಮೇಲಿದ್ದರೆ ಉಳಿದವೆಲ್ಲ ಇದ್ದೂ ಇಲ್ಲದಂತೆ. ಪಿನ್‌ಕೋಡ್‌ಗಳನ್ನು ಸಾಲಿಗೊಂದರಂತೆ ಬರೆಯಿರಿ. 12* ಎಂದರೆ 12ರಿಂದ ಶುರುವಾಗುವುದೆಲ್ಲ, 120000...129999 ಎಂದು ನಡುವೆ ಮೂರು ಚುಕ್ಕಿ ಇಟ್ಟರೆ ಆ ವ್ಯಾಪ್ತಿ. ಅಡ್ಡಗೆರೆ ಹಾಕಿದರೆ ವ್ಯಾಪ್ತಿ ಎಂದು ಅದಕ್ಕೆ ತಿಳಿಯುವುದಿಲ್ಲ.

ಕಳಿಸಲಾಗದ ಜಾಗಗಳಿದ್ದರೆ ಅವಕ್ಕೊಂದು ವಲಯ ಮಾಡಿ, ಎಲ್ಲಕ್ಕಿಂತ ಮೇಲಿಟ್ಟು, ಒಳಗೆ ಯಾವ ಡೆಲಿವರಿ ವಿಧಾನವನ್ನೂ ಸೇರಿಸಬೇಡಿ. ಅಲ್ಲಿಯವರಿಗೆ ಚೆಕ್‌ಔಟ್ ಮುಂದೆ ಹೋಗುವುದಿಲ್ಲ. ಇದೇ ಕಾರಣಕ್ಕೆ, ಬೇಕಾದ ವಲಯಕ್ಕೆ ದರ ಹಾಕಲು ಮರೆತರೂ ಗ್ರಾಹಕರಿಗೆ ಕಾಣುವುದು ಅದೇ ಮುಚ್ಚಿದ ಬಾಗಿಲು.

ಆನ್‌ಲೈನ್ ಅಂಗಡಿ ನಡೆಸುವ ಇನ್ನೊಂದು ಸೇವೆಯಾದ ಶಾಪಿಫೈನಲ್ಲಿ ಈ ಮೇಲೆ ಕೆಳಗೆ ಲೆಕ್ಕವಿಲ್ಲ. ಅಲ್ಲಿ ತೊಡಕಾಗುವುದು ಶಿಪ್ಪಿಂಗ್ ಪ್ರೊಫೈಲ್, ಅಂದರೆ ತನ್ನದೇ ದರಗಳಿರುವ ಸಾಮಾನುಗಳ ಗುಂಪು: ಎರಡು ಪ್ರೊಫೈಲ್‌ಗಳ ಸಾಮಾನು ಒಂದೇ ಕಾರ್ಟ್‌ಗೆ ಬಂದರೆ ಎರಡರ ದರವೂ ಕೂಡುತ್ತದೆ. ತೀರಾ ಅಗತ್ಯವಿಲ್ಲದೆ ಎರಡನೇ ಪ್ರೊಫೈಲ್ ಮಾಡಬೇಡಿ.

ದರ

ಸಾಮಾನುಗಳ ತೂಕ ಹೆಚ್ಚುಕಮ್ಮಿ ಒಂದೇ ಆಗಿದ್ದರೆ ಫ್ಲಾಟ್ ರೇಟ್, ಅಂದರೆ ಒಂದೇ ನಿಗದಿತ ದರ, ಹಾಕಿ ಮುಗಿಸಿ. ತೂಕದ ಸ್ಲ್ಯಾಬ್ ಬೇಕೆಂದರೆ ಶಾಪಿಫೈನಲ್ಲಿ ಅದು ಒಳಗೇ ಇದೆ, ವೂಕಾಮರ್ಸ್‌ಗೆ ಪ್ಲಗಿನ್, ಅಂದರೆ ಹೆಚ್ಚುವರಿ ತಂತ್ರಾಂಶ, ಬೇಕು. ಸ್ಲ್ಯಾಬ್‌ಗಳ ಅಂಚು ನೋಡಿಕೊಳ್ಳಿ. 0–0.5 ಆದಮೇಲೆ 0.6–1 ಎಂದು ಬರೆದರೆ 0.55 ಕಿಲೋ ಕಾರ್ಟ್‌ಗೆ ದರವೇ ಸಿಗುವುದಿಲ್ಲ.

ಪ್ಲಗಿನ್ ಬೇಡ ಎನ್ನುವವರಿಗೆ ಉತ್ಪನ್ನಗಳನ್ನು ಗುಂಪು ಮಾಡುವ ವೂಕಾಮರ್ಸ್‌ನ ಶಿಪ್ಪಿಂಗ್ ಕ್ಲಾಸ್ ಇದೆ: ‘ಹಗುರ’, ‘ಭಾರ’ ಎಂದು ಎರಡು ಮಾಡಿ ಫ್ಲಾಟ್ ರೇಟ್ ಒಳಗೆ ಬೇರೆ ಬೇರೆ ಮೊತ್ತ ಕೊಡಿ. ಲೆಕ್ಕದ ರೀತಿ ‘ಪರ್ ಕ್ಲಾಸ್’ ಆದರೆ ಎರಡೂ ಮೊತ್ತ ಕೂಡುತ್ತವೆ, ‘ಪರ್ ಆರ್ಡರ್’ ಆದರೆ ದುಬಾರಿ ಕ್ಲಾಸಿನದು ಮಾತ್ರ. ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತುಂಬುವವರಿಗೆ ಎರಡನೆಯದೇ ನ್ಯಾಯ.

ಉಚಿತ ಡೆಲಿವರಿಯ ಮಿತಿಯನ್ನು ಅಂದಾಜಿನ ಮೇಲೆ ಇಡಬೇಡಿ. ಸರಾಸರಿ ಆರ್ಡರ್ 100, ಲಾಭ ಶೇ. 30, ಕೊರಿಯರ್ ಖರ್ಚು 10 ಎಂದುಕೊಳ್ಳಿ. ಈಗ ಖರ್ಚು ಗ್ರಾಹಕರದು, ನಿಮಗೆ ಉಳಿಯುವುದು 30. ಮಿತಿಯನ್ನು 125ಕ್ಕೆ ಇಟ್ಟರೆ ಲಾಭ 37.5, ಅದರಲ್ಲಿ 10 ಹೋದರೆ 27.5, ಅಂದರೆ ಹೆಚ್ಚು ಮಾರಿ ಕಡಿಮೆ ಗಳಿಸಿದಂತೆ. ಇಲ್ಲಿ ಮಿತಿ 134ರಿಂದ ಮೇಲೆ ಇರಬೇಕು. ಕೂಪನ್ ಕಳೆಯುವ ಮೊದಲೋ ಆಮೇಲೋ ಮಿತಿ ನೋಡಬೇಕು ಎನ್ನುವುದಕ್ಕೆ ವೂಕಾಮರ್ಸ್‌ನಲ್ಲಿ ಪ್ರತ್ಯೇಕ ಟಿಕ್ ಇದೆ, ಹಾಕಿದರೆ ಕೂಪನ್ ಕಳೆಯುವ ಮೊದಲಿನ ಮೊತ್ತವೇ ಲೆಕ್ಕ. ರಿಯಾಯಿತಿ ಕೊಡುವ ಅಂಗಡಿಯವರು ಅದನ್ನು ಹಾಕದಿರುವುದು ಕ್ಷೇಮ.

ಪರೀಕ್ಷೆ

ಪ್ರೈವೇಟ್ ವಿಂಡೋದಲ್ಲಿ ಪ್ರತಿ ವಲಯದ ಒಂದೊಂದು ವಿಳಾಸ ಕೊಟ್ಟು ಚೆಕ್‌ಔಟ್‌ವರೆಗೆ ಹೋಗಿ: ಹಗುರ ಕಾರ್ಟ್, ಭಾರದ ಕಾರ್ಟ್, ಎರಡೂ ಬೆರೆತದ್ದು, ಉಚಿತ ಮಿತಿಗೆ ಸ್ವಲ್ಪ ಕೆಳಗಿನದು, ಸ್ವಲ್ಪ ಮೇಲಿನದು. ದರ ಬದಲಿಸಿದರೂ ಹಳೆಯದೇ ಕಾಣುತ್ತಿದ್ದರೆ ಕ್ಯಾಶ್ (cache), ಅಂದರೆ ಮೊದಲೇ ಉಳಿಸಿಟ್ಟ ಹಳೆಯ ಲೆಕ್ಕ, ಕಾರಣ ಇರಬಹುದು. ವೂಕಾಮರ್ಸ್‌ನ ಶಿಪ್ಪಿಂಗ್ ಸೆಟ್ಟಿಂಗ್ಸ್‌ನಲ್ಲಿ ಡಿಬಗ್ ಮೋಡ್ ಆನ್ ಮಾಡಿ, ಆಗ ಕ್ಯಾಶ್ ಬಿಟ್ಟು ಹೊಸ ದರ ಬರುತ್ತದೆ, ವಿಳಾಸ ಯಾವ ವಲಯಕ್ಕೆ ಹೊಂದಿತು ಎಂದೂ ಅದು ತೋರಿಸುತ್ತದೆ. ಕೆಲಸ ಮುಗಿದ ಮೇಲೆ ಆಫ್ ಮಾಡಿ. ತಿಂಗಳ ಕೊನೆಗೆ ಕೊರಿಯರ್ ಬಿಲ್ಲಿನ ತೂಕವನ್ನು ನೀವು ತುಂಬಿಸಿದ ತೂಕದ ಪಕ್ಕದಲ್ಲಿಟ್ಟು ನೋಡಿ, ಮತ್ತೆ ಮತ್ತೆ ತಪ್ಪುವ ಪೆಟ್ಟಿಗೆಯನ್ನು ಹೊಸದಾಗಿ ಅಳೆಯಿರಿ.