ಎರಡು ಡಿಸ್ಟ್ರಿಕ್ಟ್, ಒಂದು ಬಸ್: ನ್ಯೂಜೆರ್ಸಿಯಲ್ಲಿ ನಾವು ರೂಟ್ ಹಂಚಿಕೊಂಡದ್ದು ಹೀಗೆ

ನ್ಯೂಜೆರ್ಸಿಯ ಒಂದು ಸ್ಕೂಲ್ ಡಿಸ್ಟ್ರಿಕ್ಟ್‌ನ (ನಮ್ಮ ಜಿಲ್ಲೆಯಂತಲ್ಲ, ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಸಾರಿಗೆ ಆಫೀಸಿನಲ್ಲಿ ನನ್ನ ಕೆಲಸ. ಯಾವ ಮಗು ಯಾವ ಸ್ಟಾಪಿನಲ್ಲಿ ಎಷ್ಟು ಹೊತ್ತಿಗೆ ಬಸ್ ಹತ್ತಬೇಕು ಅಂತ ರೂಟ್ ಹಾಕುತ್ತೇನೆ. ಪಕ್ಕದ ಊರಿನ ಜೊತೆ ಬಸ್ ಹಂಚಿಕೊಳ್ಳುತ್ತೇವೆ ಅಂದರೆ, "ಖಾಲಿ ಸೀಟು ತುಂಬಿಸೋದು ತಾನೇ?" ಅಂತಾರೆ ಸ್ನೇಹಿತರು. ಸೀಟು ಹೇಗೋ ಸಿಗುತ್ತದೆ. ಶಾಲೆಯ ಗಂಟೆ, ರಜಾಪಟ್ಟಿ ಹೊಂದಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಪುಟ್ಟ ರಾಜ್ಯ ಇದು, ಆದರೂ ಸುಮಾರು 600 ಡಿಸ್ಟ್ರಿಕ್ಟ್‌ಗಳಿವೆ. ಒಂದೊಂದಕ್ಕೂ ತನ್ನದೇ ಬೋರ್ಡು, ತನ್ನದೇ ಬಜೆಟ್ಟು. ಎಂಟನೇ ಕ್ಲಾಸಿನವರೆಗೆ ಮನೆಯಿಂದ ಶಾಲೆಗೆ 2 ಮೈಲಿಗಿಂತ ಜಾಸ್ತಿ, ಹೈಸ್ಕೂಲಿನವರಿಗೆ 2.5 ಮೈಲಿಗಿಂತ ಜಾಸ್ತಿ ದೂರವಿದ್ದರೆ ಡಿಸ್ಟ್ರಿಕ್ಟ್ ಬಸ್ ಕೊಡಲೇಬೇಕು. ವಿಶೇಷ ಅಗತ್ಯದ ಮಗುವಿಗೆ ಬೇಕಾದ ಕಲಿಕೆ ನಮ್ಮಲ್ಲಿ ಇಲ್ಲದಿದ್ದರೆ ಬೇರೆ ಊರಿನ ಶಾಲೆಗೆ ಕಳಿಸಬೇಕು. ಹೋಗಿಬರುವ ಖರ್ಚೂ ನಮ್ಮದೇ.

ನಾವು ಶುರು ಮಾಡಿದ್ದೇ ಅಲ್ಲಿಂದ. ಇಬ್ಬರು ಮಕ್ಕಳಿಗೆ ಒಂದು ಪುಟ್ಟ ವ್ಯಾನು, ಒಬ್ಬ ಡ್ರೈವರ್, ಜೊತೆಗೆ ಕೂರುವ ಒಬ್ಬ ಸಹಾಯಕಿ. ಪಕ್ಕದ ಡಿಸ್ಟ್ರಿಕ್ಟಿನ ವ್ಯಾನು ಅದೇ ರಸ್ತೆಯಲ್ಲಿ, ಅದೇ ಶಾಲೆಗೆ, ನಮ್ಮ ಹಿಂದೆಯೇ! ಹಾಗಾಗಿ ಮನೆ ವಿಳಾಸ ಹಿಡಿದು ಹೊರಡಲಿಲ್ಲ, ಹೋಗುವ ಶಾಲೆ ಹಿಡಿದು ಹೊರಟೆವು. ಎರಡೂ ಕಡೆಯಿಂದ ಒಂದೊಂದು ಪಟ್ಟಿ: ಶಾಲೆ, ಶುರುವಾಗುವ ಹೊತ್ತು, ಬಿಡುವ ಹೊತ್ತು, ಗಾಲಿಕುರ್ಚಿ ಬೇಕಾ, ಸಹಾಯಕಿ ಬೇಕಾ. ಮಕ್ಕಳ ಹೆಸರು ಬರೆಯಲಿಲ್ಲ. ಒಪ್ಪಂದ ಆಗುವ ಮುಂಚೆ ಅದು ಯಾರಿಗೂ ಬೇಕಾಗಿಲ್ಲ.

ದೊಡ್ಡ ಬಸ್ಸುಗಳ ಲೆಕ್ಕ ಬೇರೆ. ಒಂದೇ ಬಸ್ ಬೆಳಿಗ್ಗೆ ಮೊದಲು ಹೈಸ್ಕೂಲ್ ಮಕ್ಕಳನ್ನು ಬಿಟ್ಟು, ಆಮೇಲೆ ಮಿಡ್ಲ್ ಸ್ಕೂಲಿನವರನ್ನು, ಕೊನೆಗೆ ಚಿಕ್ಕವರನ್ನು ಕರೆತರುತ್ತದೆ. ನಡುವೆ ಪಕ್ಕದ ಊರಿನದೊಂದು ಟ್ರಿಪ್ ತುರುಕಬೇಕು ಅಂದರೆ ಯಾರೋ ಒಬ್ಬರು ಗಂಟೆ ಬದಲಾಯಿಸಬೇಕು. ಹತ್ತು ನಿಮಿಷಕ್ಕೂ ಪ್ರಿನ್ಸಿಪಾಲರು ಒಪ್ಪುವುದಿಲ್ಲ. ಅದಕ್ಕೇ ಆ ತಂಟೆಗೆ ನಾವು ಹೋಗಲಿಲ್ಲ.

ರಜೆಯದು ಇನ್ನೊಂದು ಕಥೆ. ನವೆಂಬರಿನ ಶಿಕ್ಷಕರ ಸಮಾವೇಶದ ಗುರುವಾರ, ಶುಕ್ರವಾರ ಹೆಚ್ಚುಕಮ್ಮಿ ಎಲ್ಲ ಕಡೆಯೂ ರಜೆ, ತೊಂದರೆ ಇಲ್ಲ. ಆದರೆ ಎಡಿಸನ್‌ನಂಥ ಕಡೆ ದೀಪಾವಳಿಗೆ ಶಾಲೆ ಮುಚ್ಚುತ್ತದೆ, ಎಷ್ಟೋ ಡಿಸ್ಟ್ರಿಕ್ಟ್‌ಗಳಲ್ಲಿ ಮುಚ್ಚುವುದಿಲ್ಲ. (ಹಬ್ಬದ ದಿನ ರಜೆ ಸಿಗದ ನಮ್ಮ ಜನರ ಗೊಣಗಾಟ ನನಗೆ ಚೆನ್ನಾಗಿ ಗೊತ್ತು, ನಾನೂ ಗೊಣಗಿದವನೇ.) ಕೊನೆಗೆ ಹೀಗೆ ಬರೆದುಕೊಂಡೆವು: ಹಬ್ಬದ ರಜೆಗೆ ಮಗು ಹೋಗುವ ಶಾಲೆಯ ಕ್ಯಾಲೆಂಡರೇ ಲೆಕ್ಕ. ಹಿಮ ಬಿದ್ದರೆ ಮಾತ್ರ ಬಸ್ ಓಡಿಸುವ ಡಿಸ್ಟ್ರಿಕ್ಟಿನ ಮಾತೇ ಕೊನೆ. ಬೆಳಗಿನ ಜಾವ ಐದಕ್ಕೆ ಎದ್ದು ಎರಡೂ ಡಿಸ್ಟ್ರಿಕ್ಟಿನ ಮುಖ್ಯಸ್ಥರಾದ ಸೂಪರಿಂಟೆಂಡೆಂಟರಿಗೆ ಫೋನ್ ಮಾಡುತ್ತಾ ಕೂರಲು ಆಗುತ್ತಾ?

ದುಡ್ಡಿನ ವಿಷಯಕ್ಕೆ ಬರೋಣ. ಇಲ್ಲಿ ಬಸ್ ಕಂಟ್ರಾಕ್ಟರು ರೂಟಿಗೆ ದಿನಕ್ಕೆ ಇಷ್ಟು ಅಂತ ಟೆಂಡರ್ ಹಾಕುತ್ತಾರೆ. ಸಹಾಯಕಿಗೆ ಬೇರೆ ದರ, ಮೈಲಿ ಹೆಚ್ಚಿದರೆ ಬೇರೆ. ಅದನ್ನು ಶಾಲೆ ನಡೆಯುವ 180 ದಿನಕ್ಕೆ ಗುಣಿಸಿ, ಮಕ್ಕಳ ತಲೆ ಎಣಿಸಿ ಹಂಚುವುದು ಸುಲಭ. ಆದರೆ ಜನವರಿಯಲ್ಲಿ ಆ ಕಡೆಯ ಮಗು ಶಾಲೆ ಬಿಟ್ಟರೆ? ವ್ಯಾನು ಓಡುತ್ತಲೇ ಇರುತ್ತದೆ, ಪೂರ್ತಿ ಖರ್ಚು ಉಳಿದವರ ತಲೆ ಮೇಲೆ. ಅದಕ್ಕೇ ಜಾಯಿಂಚರ್ (ಅಂದರೆ ಡಿಸ್ಟ್ರಿಕ್ಟ್‌ಗಳು ಸೇರಿ ಬಸ್ ಹಂಚಿಕೊಳ್ಳುವ) ಒಪ್ಪಂದದಲ್ಲಿ ಒಂದು ಸಾಲು ಹಾಕಿಸಿದೆ: ಮಗು ಇರಲಿ, ಬಿಡಲಿ, ಜೂನ್ ಕೊನೆಯವರೆಗೆ ಪಾಲು ಬದಲಾಗುವುದಿಲ್ಲ. ಎರಡೂ ಕಡೆಯ ಲೆಕ್ಕಪತ್ರದವರು ಮುಖ ಸಿಂಡರಿಸಿದರು. ಆದರೂ ಆ ಸಾಲು ಇಲ್ಲದೆ ಸಹಿ ಹಾಕಬೇಡಿ ಅಂತಲೇ ನಾನು ಹೇಳುವುದು. ಆಮೇಲೆ ಎರಡೂ ಬೋರ್ಡುಗಳ ಒಪ್ಪಿಗೆ, ಕೌಂಟಿ ಆಫೀಸಿನ ಒಪ್ಪಿಗೆ. ಕಾಗದ ತಿರುಗಾಡಲು ಟೈಮ್ ಹಿಡಿಯುತ್ತದೆ.

ಕಾಗದ ಮುಗಿದ ಮೇಲೂ ಒಂದು ಕೆಲಸ ಉಳಿದಿತ್ತು. ಮೊದಲ ದಿನವೇ ಒಬ್ಬ ತಾಯಿ ಫೋನ್ ಮಾಡಿ, "ಸರ್, ಬಸ್ ಮೇಲೆ ಬೇರೆ ಊರಿನ ಹೆಸರಿದೆ. ಹತ್ತಿಸಲಾ ಬೇಡ್ವಾ?" ಅಂದರು. ನ್ಯಾಯವಾದ ಪ್ರಶ್ನೆ. ಈಗ ಆಗಸ್ಟಿನಲ್ಲೇ ಮನೆಗೆ ಹೋಗುವ ಪತ್ರದಲ್ಲಿ ಬಸ್ಸಿನ ಫೋಟೋ, ನಂಬರು, ತಡವಾದರೆ ಯಾರಿಗೆ ಫೋನ್ ಮಾಡಬೇಕು ಅಂತ ಹಾಕುತ್ತೇವೆ. ಫೋನ್ ಎತ್ತುವುದು ಮಗುವಿನ ಊರಿನ ಆಫೀಸೇ, ಬಸ್ ಯಾರದೇ ಆಗಿರಲಿ.

ಅದೇ ವ್ಯಾನಿನಲ್ಲಿ ಒಬ್ಬ ಹುಡುಗ ಎರಡನೇ ಸಾಲಿನ ಕಿಟಕಿ ಪಕ್ಕ ಬಿಟ್ಟು ಬೇರೆಲ್ಲೂ ಕೂರುತ್ತಿರಲಿಲ್ಲ. ಹೊಸ ರೂಟಿನಲ್ಲಿ ಅವನಿಗಿಂತ ಮುಂಚೆ ಹತ್ತುವ ಹುಡುಗಿ ಅಲ್ಲೇ ಕೂತಳು. ಗಲಾಟೆ, ಅಳು, ವ್ಯಾನು ಹೊರಡಲೇ ಇಲ್ಲ. ಸಹಾಯಕಿ ಮರುದಿನ ಆ ಸೀಟಿನ ಬೆನ್ನಿಗೆ ನೀಲಿ ಟೇಪ್ ಅಂಟಿಸಿದರು, ಹುಡುಗಿಯ ಸೀಟಿಗೆ ಹಳದಿ. ಅವಳಿಗೆ ಹಳದಿ ಇಷ್ಟವಂತೆ. ಅಲ್ಲಿಗೆ ಮುಗಿಯಿತು. ಆಮೇಲಿಂದ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿದ್ದೇವೆ: ಎಲ್ಲಿ ಕೂರುತ್ತದೆ ಮಗು.

ಮುಂದಿನ ವರ್ಷ ವೊಕೇಶನಲ್ ಸ್ಕೂಲಿನ ರೂಟನ್ನೂ ಸೇರಿಸುವ ಯೋಚನೆ ಇದೆ. ಪಕ್ಕದವರಿಗೆ ಪಟ್ಟಿ ಏಪ್ರಿಲ್ ಒಳಗೆ ಕೊಡಿ ಅಂದಿದ್ದೇನೆ. ಜೂನಿಗೆ ಕೊಟ್ಟರೆ ಬೋರ್ಡುಗಳ ಒಪ್ಪಿಗೆ ಬರುವಷ್ಟರಲ್ಲಿ ಸೆಪ್ಟೆಂಬರ್ ಬಂದುಬಿಡುತ್ತದೆ.