ಅಂಡಮಾನಿನ ಫೆರಿ ಪ್ರಯಾಣ: ಕೊನೆಯ ದಿನದಿಂದ ಲೆಕ್ಕ ಹಾಕಿ

ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿ 31 ವರ್ಷ ದುಡಿದವನು ನಾನು. ಹತ್ತು ಗಂಟೆಯ ಬಸ್ಸು ಹತ್ತೂವರೆಗೂ ಬಾರದಿದ್ದಾಗ ಜನರಿಂದ ಬೈಸಿಕೊಂಡೇ ನನ್ನ ತಲೆ ನರೆತದ್ದು. ಹಾಗಾಗಿ ಯಾರಾದರೂ ಅಂಡಮಾನಿಗೆ ಹೊರಟಿದ್ದೇವೆ ಎಂದರೆ ಯಾವ ಹೋಟೆಲು, ಯಾವ ಕಡಲತೀರ ಎಂದು ನಾನು ಕೇಳುವುದಿಲ್ಲ. ವಾಪಸು ವಿಮಾನ ಎಷ್ಟು ಗಂಟೆಗೆ ಎಂದು ಕೇಳುತ್ತೇನೆ. ಆ ಗಂಟೆಯನ್ನು ಕಾಗದದ ಕೆಳತುದಿಯಲ್ಲಿ ಬರೆದುಕೊಂಡು, ಅಲ್ಲಿಂದ ಒಂದೊಂದೇ ದಿನ ಮೇಲಕ್ಕೆ ಬರೆಯುತ್ತ ಬರಬೇಕು. ಅಂಡಮಾನಿನ ಪ್ರವಾಸ ತಲೆಕೆಳಗಾಗಿ ಬರೆಯುವಂಥದ್ದು.

ಇದನ್ನು ಕಲಿತದ್ದು ದುಡ್ಡು ತೆತ್ತು. ಮೊದಲ ಸಲ ಹೋದಾಗ ಏಜೆಂಟ್ ಮಹಾಶಯರೊಬ್ಬರು ನಮಗೆ ಬೆಳಿಗ್ಗೆ ನೀಲ್ ದ್ವೀಪದಿಂದ ಫೆರಿ, ಮಧ್ಯಾಹ್ನ ಪೋರ್ಟ್ ಬ್ಲೇರ್‌ನಿಂದ ವಿಮಾನ ಎಂದು ಹೊಂದಿಸಿ ಕೊಟ್ಟಿದ್ದರು. ಕಾಗದದ ಮೇಲೆ ನಾಲ್ಕು ಗಂಟೆ ಬಿಡುವಿತ್ತು. ಅಂದು ಬೆಳಿಗ್ಗೆ ಗಾಳಿ ಎದ್ದಿತು, ಫೆರಿ ಬರಲಿಲ್ಲ. ಬಂದದ್ದು ಮಧ್ಯಾಹ್ನದ ಮೇಲೆ. ನಾವು ಹಡಗು ಬಂದು ನಿಲ್ಲುವ ಧಕ್ಕೆಯ ಸಿಮೆಂಟು ಕಟ್ಟೆಯ ಮೇಲೆ ಕುಳಿತಿದ್ದಾಗಲೇ ನಮ್ಮ ವಿಮಾನ ಬಹುಶಃ ತಲೆಯ ಮೇಲೆ ಹಾದು ಹೋಗಿರಬೇಕು. ಮೂರು ಜನರ ಹೊಸ ಟಿಕೆಟ್ಟಿಗೆ ಆದ ಖರ್ಚನ್ನು ನನ್ನ ಹೆಂಡತಿ ಇಂದಿಗೂ ಪೈಸೆ ಸಮೇತ ಹೇಳುತ್ತಾಳೆ. ನಂತರ ಅಳಿಯನಿಗೆ ಅಲ್ಲಿಗೇ ವರ್ಗವಾಯಿತು, ನಾವು ಇನ್ನೂ ಮೂರು ಸಲ ಹೋಗಿಬಂದೆವು. ಆ ತಪ್ಪು ಮತ್ತೆ ಆಗಲಿಲ್ಲ. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಕಳೆಯಬೇಕು. ಸಾಧ್ಯವಾದರೆ ಕೊನೆಯ ಎರಡು ರಾತ್ರಿ.

ಹೆಸರುಗಳ ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳೋಣ. 2018ರ ಡಿಸೆಂಬರ್ 30ರಂದು ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು, ರಾಸ್ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪವಾಯಿತು. 1943ರಲ್ಲಿ ಅದೇ ದಿನ ಸುಭಾಷರು ಪೋರ್ಟ್ ಬ್ಲೇರ್‌ನಲ್ಲಿ ಧ್ವಜ ಹಾರಿಸಿದ್ದರು. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್ ಕೂಡ ಶ್ರೀ ವಿಜಯ ಪುರಂ ಆಯಿತು. ಟಿಕೆಟ್ಟಿನಲ್ಲಿ ಹೊಸ ಹೆಸರು ಇರಬಹುದು, ಆಟೊದವರ ಬಾಯಲ್ಲಿ ಹಳೆಯದೇ ಇರುತ್ತದೆ. ಎರಡೂ ನೆನಪಿನಲ್ಲಿದ್ದರೆ ಬೇರೆ ಹಡಗು ಹತ್ತಿದೆವೇನೋ ಎಂದು ಎದೆ ಹೊಡೆದುಕೊಳ್ಳುವುದಿಲ್ಲ. ನಾನು ಇಲ್ಲಿ ಬಾಯಿಗೆ ಬರುವ ಹಳೆಯ ಹೆಸರುಗಳನ್ನೇ ಬಳಸುತ್ತೇನೆ.

ಮಾರ್ಗ ತ್ರಿಕೋನದಂತಿರಲಿ: ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್, ಅಲ್ಲಿಂದ ನೀಲ್, ಅಲ್ಲಿಂದ ಮರಳಿ ಪೋರ್ಟ್ ಬ್ಲೇರ್. ಹೋದ ದಾರಿಯಲ್ಲೇ ತಿರುಗಿ ಬರುವುದು ದಂಡ. ಹ್ಯಾವ್‌ಲಾಕಿಗೆ ವೇಗದ ಖಾಸಗಿ ಫೆರಿಯಲ್ಲಿ ಒಂದೂವರೆ ಗಂಟೆ ಆಸುಪಾಸು, ಸರ್ಕಾರಿಯಲ್ಲಿ ಎರಡೂವರೆ. ಹ್ಯಾವ್‌ಲಾಕಿನಿಂದ ನೀಲ್‌ಗೆ ಸುಮಾರು ಒಂದು ಗಂಟೆ. ಹ್ಯಾವ್‌ಲಾಕ್‌ನಲ್ಲಿ ಎರಡು ರಾತ್ರಿ, ನೀಲ್‌ನಲ್ಲಿ ಒಂದು ಎಂದು ಎಲ್ಲರೂ ಹೇಳುತ್ತಾರೆ. ನನ್ನನ್ನು ಕೇಳಿದರೆ ನೀಲ್‌ಗೂ ಎರಡು ಕೊಡಿ. ಬಾರಾಟಾಂಗ್‌ನ ಸುಣ್ಣದ ಕಲ್ಲಿನ ಗುಹೆಗಳನ್ನು ಈ ತ್ರಿಕೋನಕ್ಕೆ ಜೋಡಿಸಲು ಹೋಗಬೇಡಿ. ಅದು ಜಾರವಾ ಬುಡಕಟ್ಟಿನವರ ಮೀಸಲು ಪ್ರದೇಶದ ಮೂಲಕ ಬೆಂಗಾವಲಿನಲ್ಲಿ ಸಾಲುಗಟ್ಟಿ ಹೋಗುವ ರಸ್ತೆ ಪ್ರಯಾಣ, ಬೆಳಗಿನ ಜಾವವೇ ಹೊರಡಬೇಕು. ಆ ದಾರಿಯಲ್ಲಿ ವಾಹನ ನಿಲ್ಲಿಸುವುದಕ್ಕಾಗಲಿ ಚಿತ್ರ ತೆಗೆಯುವುದಕ್ಕಾಗಲಿ ಅವಕಾಶವಿಲ್ಲ. ಅದಕ್ಕೆ ಪ್ರತ್ಯೇಕ ದಿನ ಬೇಕು.

ಇನ್ನು ಹಡಗಿನ ಆಯ್ಕೆ. ಖಾಸಗಿ ಫೆರಿಗಳು ಹವಾನಿಯಂತ್ರಿತ, ಗಾಜು ಮುಚ್ಚಿದ, ಸಂಖ್ಯೆ ಹಾಕಿದ ಸೀಟಿನ ವ್ಯವಸ್ಥೆ. ಬಹಳ ಮೊದಲೇ ಮನೆಯಿಂದಲೇ ಕಾಯ್ದಿರಿಸಬಹುದು. ಸರ್ಕಾರಿ ಹಡಗು ಅದಕ್ಕಿಂತ ಬಹಳ ಅಗ್ಗ, ನಿಧಾನ, ಟಿಕೆಟ್ ಬಿಡುವುದು ಪ್ರಯಾಣಕ್ಕೆ ಕೆಲವೇ ದಿನ ಮೊದಲು. ನನ್ನ ಮನಸ್ಸು ಸರ್ಕಾರಿಯ ಕಡೆಗೆ ವಾಲುತ್ತದೆ. ವೃತ್ತಿಯ ಮಮಕಾರ ಎನ್ನಿ. ಆದರೆ ಕಾರಣವೂ ಇದೆ. ಹಳೆಯ ಮಾದರಿಯ ಹಡಗುಗಳಲ್ಲಿ ಹೊರಗೆ ಡೆಕ್ಕಿನ ಮೇಲೆ ನಿಲ್ಲಬಹುದು, ಮುಖಕ್ಕೆ ಉಪ್ಪುಗಾಳಿ ಬಡಿಯುತ್ತದೆ. ಹಡಗಿನ ಮೂತಿಗೆ ಬೆದರಿದ ಹಾರುಮೀನುಗಳು ನೀರಿನಿಂದ ಚಿಮ್ಮಿ, ಅಲೆಯ ಮೇಲೆ ಬೆಳ್ಳಿ ಚಮಚ ಎಸೆದಂತೆ ಜಾರಿಹೋಗುವುದನ್ನು ನಾನು ನೋಡಿದ್ದು ಅಲ್ಲಿಂದಲೇ. ಗಾಜಿನೊಳಗೆ ಕುಳಿತಿದ್ದರೆ ಟಿವಿಯಲ್ಲಿ ಹಾಕಿದ ಸಿನಿಮಾ ನೋಡಬೇಕಾಗುತ್ತಿತ್ತು.

ಒಂದು ಮಾತು ಮರೆಯಬೇಡಿ. ನಮಗೆ ಅದು ವಿಹಾರ, ಅಲ್ಲಿಯವರಿಗೆ ಅದು ಬಸ್ಸು. ದ್ವೀಪವಾಸಿಗಳಿಗೆ ಟಿಕೆಟ್ಟಿನಲ್ಲಿ ಆದ್ಯತೆ ಇರುತ್ತದೆ, ಅದನ್ನು ನೋಡಿ ಕೌಂಟರಿನಲ್ಲಿ ಗಲಾಟೆ ಮಾಡುವ ಪ್ರವಾಸಿಗರನ್ನು ಕಂಡಿದ್ದೇನೆ. ನೀಲ್ ದ್ವೀಪ ಅಂಡಮಾನಿನ ತರಕಾರಿ ತೋಟ. ಒಮ್ಮೆ ಅಲ್ಲಿಂದ ಬರುವಾಗ ನಮ್ಮ ಕಾಲ ಬಳಿ ಬದನೆಕಾಯಿ, ಹೀರೆಕಾಯಿ ಮೂಟೆಗಳಿದ್ದವು. ಅವುಗಳ ಮೇಲೆ ಕೈಯಿಟ್ಟುಕೊಂಡೇ ಒಬ್ಬ ಮುದುಕಮ್ಮ ಇಡೀ ದಾರಿ ತೂಕಡಿಸಿದರು. ಹಡಗು ಎಷ್ಟು ಹೊಯ್ದಾಡಿದರೂ ಕೈ ಸರಿಯಲಿಲ್ಲ. ಆಸ್ಪತ್ರೆಗೆ ಹೊರಟವರೂ ಅದೇ ಹಡಗಿನಲ್ಲಿ ಇರುತ್ತಾರೆ. ಸೀಟಿನ ಜಗಳ ಅಲ್ಲಿ ಶೋಭಿಸುವುದಿಲ್ಲ.

ಹತ್ತುವ ದಿನ ಆಧಾರ್ ಅಥವಾ ಬೇರೆ ಗುರುತಿನ ಚೀಟಿಯ ಮೂಲಪ್ರತಿ ಕೈಗೆ ಸಿಗುವಂತಿರಲಿ, ನಕಲುಗಳೂ ನಾಲ್ಕಿರಲಿ. ಟಿಕೆಟ್ಟನ್ನು ಮುದ್ರಿಸಿಕೊಳ್ಳಿ. ಚೆನ್ನೈಯಿಂದ ಸಮುದ್ರದಡಿಯ ಕೇಬಲ್ 2020ರಲ್ಲಿ ಬಂದ ಮೇಲೆ ಮೊಬೈಲ್ ಪರಿಸ್ಥಿತಿ ಸುಧಾರಿಸಿದೆ, ಆದರೂ ಧಕ್ಕೆಯ ಗೇಟಿನಲ್ಲಿ ನಿಂತು ಸಂದೇಶ ತೆರೆದುಕೊಳ್ಳಲೆಂದು ಕಾಯುವ ಪಾಡು ಬೇಡ. ಎಲ್ಲಿಂದ ಹೊರಡುತ್ತದೆ ಎಂಬುದನ್ನೂ ಓದಿ: ಫೀನಿಕ್ಸ್ ಬೇ ಒಂದು ಧಕ್ಕೆ, ಹ್ಯಾಡೋ ಇನ್ನೊಂದು. ಒಂದು ಗಂಟೆ ಮೊದಲೇ ಹೋಗಿ. ದೊಡ್ಡ ಪೆಟ್ಟಿಗೆಗಳನ್ನು ಒಂದೆಡೆ ರಾಶಿ ಹಾಕುತ್ತಾರೆ. ಎಲ್ಲರ ಪೆಟ್ಟಿಗೆಯೂ ಕಪ್ಪು ಇಲ್ಲವೇ ನೀಲಿ. ನನ್ನ ಹೆಂಡತಿ ನಮ್ಮದಕ್ಕೆ ಹಳೆಯ ಸೀರೆಯ ಅಂಚಿನ ತುಂಡು ಕಟ್ಟುತ್ತಾಳೆ, ಇಳಿಯುವಾಗ ಕೆಂಪು ಜರಿ ದೂರದಿಂದಲೇ ಕಾಣುತ್ತದೆ. ಔಷಧಿ, ನೀರು, ಒಂದು ಜೊತೆ ಬಟ್ಟೆ ಮಾತ್ರ ಹೆಗಲ ಚೀಲದಲ್ಲಿರಲಿ. ಹಡಗು ಮತ್ತು ಧಕ್ಕೆಯ ನಡುವೆ ಹಲಗೆ ಅಲುಗುತ್ತಿರುತ್ತದೆ; ಎರಡೂ ಕೈಯಲ್ಲಿ ಸಾಮಾನು ಹಿಡಿದು ಅದನ್ನು ದಾಟಲು ಹೋಗಬೇಡಿ.

ಈಗ ಎಲ್ಲರೂ ಕೇಳುವ ವಿಷಯ, ವಾಂತಿ. ಎರಡನೆಯ ಸಲ ನಮ್ಮ ಜೊತೆ ಹೆಂಡತಿಯ ಅಕ್ಕ ಬಂದಿದ್ದರು. ಘಾಟಿಯ ಮೂರನೆಯ ತಿರುವಿಗೇ ಬಸ್ಸಿನ ಕಿಟಕಿ ಹುಡುಕುವವರು ಅವರು. ಅಂಥವರು ಭಯದಿಂದ ಹೊಟ್ಟೆ ಖಾಲಿ ಬಿಟ್ಟು ಹತ್ತಿದರು, ಮುಂದಿನ ಸಾಲಿನ ಕಿಟಕಿ ಸೀಟು ಹಿಡಿದರು, ಕುಳಿತ ಕೂಡಲೇ ಮೊಬೈಲಿನಲ್ಲಿ ಮೊಮ್ಮಗನ ಫೋಟೊ ನೋಡತೊಡಗಿದರು. ಮೂರೂ ತಪ್ಪು. ಇಪ್ಪತ್ತು ನಿಮಿಷಕ್ಕೆ ಸಿಬ್ಬಂದಿಯ ಹುಡುಗ ಕಪ್ಪು ಪ್ಲಾಸ್ಟಿಕ್ ಚೀಲ ತಂದು ಕೊಟ್ಟ. "ನಿಮ್ಮ ಸಮುದ್ರ ನಿಮಗೇ ಇರಲಿ, ನನ್ನನ್ನು ಇಲ್ಲೇ ಇಳಿಸಿಬಿಡಿ" ಎಂದರು ಅತ್ತಿಗೆ. ಎಲ್ಲಿ ಇಳಿಸುವುದು?

ಹಿಂದಿರುಗುವಾಗ ಸರಿಯಾಗಿ ಮಾಡಿದೆವು. ಹೊರಡುವ ಒಂದು ಗಂಟೆ ಮೊದಲು ಎರಡು ಇಡ್ಲಿ ತಿನ್ನಿಸಿದೆವು. ಎಣ್ಣೆಯ ಪೂರಿಯೂ ಇಲ್ಲ, ಖಾಲಿ ಹೊಟ್ಟೆಯೂ ಇಲ್ಲ. ಊರಿನ ವೈದ್ಯರು ಬರೆದುಕೊಟ್ಟಿದ್ದ ಮಾತ್ರೆಯನ್ನು ಆಗಲೇ ಕೊಟ್ಟೆವು. ಹಡಗು ಹೊಯ್ದಾಡತೊಡಗಿದ ಮೇಲೆ ನುಂಗಿದ ಮಾತ್ರೆ ಚೀಲಕ್ಕೇ ಹೋಗುತ್ತದೆ. ರಕ್ತದೊತ್ತಡ, ಕಣ್ಣಿನ ತೊಂದರೆ ಇರುವವರು, ಗರ್ಭಿಣಿಯರು ಮಾತ್ರೆಯ ವಿಷಯದಲ್ಲಿ ತಾವೇ ವೈದ್ಯರಾಗಬಾರದು. ಸೀಟನ್ನು ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿ ಹಿಡಿದೆವು. ಏತದ ಮರದ ಹಾಗೆ ಎಂದುಕೊಳ್ಳಿ: ತುದಿಗಳು ಏರಿ ಇಳಿಯುತ್ತವೆ, ನಡುವೆ ಅಲುಗಾಟ ಕಡಿಮೆ. ಮೊಬೈಲ್ ಕಿತ್ತುಕೊಂಡು, ಆಕಾಶ ನೀರು ಸೇರುವ ಗೆರೆಯನ್ನೇ ನೋಡುತ್ತಿರಿ ಎಂದು ಹೇಳಿದೆವು. ಕಿವಿಗೆ ತಿಳಿಯುವ ಓಲಾಟ ಕಣ್ಣಿಗೂ ತಿಳಿದರೆ ಮೆದುಳಿಗೆ ಗೊಂದಲವಾಗುವುದಿಲ್ಲ. ಬಾಯಲ್ಲಿ ಶುಂಠಿಯ ಚೂರು ಇಟ್ಟುಕೊಂಡಿದ್ದರು. ಅರ್ಧ ದಾರಿಗೆ ಅವರೇ, "ಇಷ್ಟೇ ತಾನೆ?" ಎಂದರು. ಶುಂಠಿಯದೋ ಮಾತ್ರೆಯದೋ ಪುಣ್ಯ ಯಾವುದಕ್ಕೆ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಬೆಳಗಿನ ಫೆರಿಯನ್ನೇ ಹಿಡಿಯಿರಿ. ಸಾಮಾನ್ಯವಾಗಿ ಬೆಳಿಗ್ಗೆ ಗಾಳಿ ಕಡಿಮೆ. ಇನ್ನೊಂದು ಕಾರಣ ಗಡಿಯಾರದ್ದು. ಅಂಡಮಾನ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ, ಆದರೆ ಗಡಿಯಾರ ನಮ್ಮದೇ. ಹಾಗಾಗಿ ಅಲ್ಲಿ ಹಗಲೆಲ್ಲ ಒಂದು ಗಂಟೆ ಮುಂಚೆ ನಡೆದುಹೋಗುತ್ತದೆ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಮಧ್ಯಾಹ್ನ ಎರಡರ ಫೆರಿಯಲ್ಲಿ ಹ್ಯಾವ್‌ಲಾಕಿಗೆ ಹೋಗಿ, ಕೋಣೆಗೆ ಸಾಮಾನು ಹಾಕಿ, ಚಹಾ ಕುಡಿದು ರಾಧಾನಗರ ಕಡಲತೀರದ ಸೂರ್ಯಾಸ್ತ ನೋಡುತ್ತೇವೆ ಎಂದುಕೊಂಡವರು ಕತ್ತಲನ್ನು ನೋಡಿ ಬಂದಿದ್ದಾರೆ. ಧಕ್ಕೆಯಿಂದ ಅದು ಹತ್ತು-ಹನ್ನೆರಡು ಕಿಲೋಮೀಟರ್, ದ್ವೀಪದ ಆ ಬದಿಗೆ.

ದ್ವೀಪಗಳ ವರ್ಣನೆ ಬೇರೆಯವರು ಬೇಕಾದಷ್ಟು ಮಾಡಿದ್ದಾರೆ. ನನಗೆ ಹಿಡಿಸಿದ್ದು ಊರ ಹೆಸರುಗಳು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರು ನೆಲೆಸಿದ ಹಳ್ಳಿಗಳು ಇವು. ಹ್ಯಾವ್‌ಲಾಕಿನಲ್ಲಿ ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ. ನೀಲ್‌ಗೆ ಬಂದರೆ ರಾಮನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ. ಒಂದು ಗಂಟೆಯ ಫೆರಿಯಲ್ಲಿ ದ್ವಾಪರದಿಂದ ತ್ರೇತಾಯುಗಕ್ಕೆ. ನೀಲ್‌ನಲ್ಲಿ ಉಬ್ಬರ-ಇಳಿತದ ವೇಳೆ ಕೇಳಿಕೊಳ್ಳದೆ ಹೊರಡಬೇಡಿ. ನಮ್ಮ ಕರಾವಳಿಯವರು ಉಬ್ಬರಕ್ಕೆ ಭರತ ಎನ್ನುತ್ತಾರಲ್ಲ, ಅದನ್ನೇ ನೆನಪಿಗೆ ಇಟ್ಟುಕೊಂಡಿದ್ದೇನೆ: ಭರತಪುರದಲ್ಲಿ ಈಜಲು ಭರತವಿರಬೇಕು, ನೀರು ಇಳಿದರೆ ಕಾಲಿಗೆ ಹವಳದ ಕಲ್ಲು ಕುಯ್ಯುತ್ತದೆ. ಲಕ್ಷ್ಮಣಪುರದ ಬಳಿಯ ಕಲ್ಲಿನ ಸಹಜ ಸೇತುವೆಗೆ ಹೋಗಲು ಇಳಿತವಿರಬೇಕು. ಇಂದಿನ ವೇಳೆಗೆ ಸುಮಾರು 50 ನಿಮಿಷ ಸೇರಿಸಿದರೆ ನಾಳೆಯದು. ಮೊಸಳೆ ಎಚ್ಚರಿಕೆಯ ಫಲಕ ಕಂಡಲ್ಲಿ ನೀರಿಗೆ ಇಳಿಯಬೇಡಿ, ಅದು ಅಲಂಕಾರಕ್ಕೆ ಹಾಕಿದ್ದಲ್ಲ. ಹವಳದ ತುಂಡನ್ನು ಚೀಲಕ್ಕೆ ಹಾಕಿಕೊಳ್ಳುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ.

ಹವಾಮಾನದ ವಿಷಯದಲ್ಲಿ ಬಸ್ಸಿನವನಾದ ನನಗೆ ಕಲಿಯಲು ಸಮಯ ಹಿಡಿಯಿತು. ಮಳೆಗೆ ಬಸ್ಸು ನಿಂತರೆ ಜನ ನಿಯಂತ್ರಕನನ್ನು ಬೈಯುತ್ತಾರೆ. ಅಲ್ಲಿ ಬಂದರಿನವರು ಹಡಗು ಬಿಡುವುದಿಲ್ಲ ಎಂದರೆ ದ್ವೀಪದವರು ಚೀಲ ಎತ್ತಿಕೊಂಡು ಸುಮ್ಮನೆ ಮನೆಗೆ ಹೋಗುತ್ತಾರೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು, ಆಮೇಲೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳ ಕಾಲ. 2016ರ ಡಿಸೆಂಬರ್ ಮೊದಲ ವಾರದಲ್ಲಿ ಹ್ಯಾವ್‌ಲಾಕ್, ನೀಲ್‌ಗಳಲ್ಲಿ ನೂರಾರು ಪ್ರವಾಸಿಗರು ದಿನಗಟ್ಟಲೆ ಸಿಕ್ಕಿಕೊಂಡು, ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆಯವರು ಬಂದು ಕರೆದೊಯ್ದರು. ಮುಂದೆ ಚೆನ್ನೈಯನ್ನು ಬಡಿದ ವರ್ದಾ ಚಂಡಮಾರುತದ ಮೊದಲ ಹೆಜ್ಜೆ ಅದು. ಜನವರಿಯಿಂದ ಏಪ್ರಿಲ್‌ವರೆಗೆ ಕಡಲು ಹೆಚ್ಚು ಶಾಂತ. ಯಾವ ತಿಂಗಳಾದರೂ ಎರಡು ದಿನಕ್ಕೆ ಹೆಚ್ಚಾಗುವ ಮಾತ್ರೆ, ಎರಡು ದಿನದ ಖರ್ಚಿಗೆ ನಗದು ಜೊತೆಗಿರಲಿ. ಫೆರಿ ರದ್ದಾಯಿತು ಎಂದು ಕೇಳಿದ ಕೂಡಲೇ ಮೊದಲು ಮಾಡಬೇಕಾದ್ದು ಉಳಿದುಕೊಂಡಿದ್ದ ಕೋಣೆಯನ್ನು ಮರಳಿ ಹಿಡಿಯುವುದು. ಟಿಕೆಟ್ಟಿನ ಹಣದ ಮಾತು ಆಮೇಲೆ. ಕೌಂಟರಿಗೆ ಎಲ್ಲರೂ ಓಡಿರುತ್ತಾರೆ, ಅಷ್ಟರಲ್ಲಿ ಕೋಣೆ ಇನ್ನೊಬ್ಬರ ಪಾಲಾಗಿರುತ್ತದೆ.

ಏನೂ ರದ್ದಾಗದಿದ್ದರೆ ಕೊನೆಯಲ್ಲಿ ಇಟ್ಟುಕೊಂಡ ಆ ದಿನ ಉಳಿಯುತ್ತದೆ. ಏನು ಮಾಡುವುದು ಎಂದು ಕೇಳುತ್ತಾರೆ. ಸೆಲ್ಯುಲರ್ ಜೈಲು ನೋಡಿ, ಅದಕ್ಕೆ ಅವಸರ ಸಲ್ಲದು. ಸಂಜೆ ಚಾಥಂಗೆ ಹೋಗಿ. 1883ರಲ್ಲಿ ಶುರುವಾದ ಮರದ ಗರಗಸದ ಕಾರ್ಖಾನೆ ಇರುವ ಪುಟ್ಟ ದ್ವೀಪ ಅದು, ಸೇತುವೆಯೇ ಇದೆ. ಅಲ್ಲಿನ ಧಕ್ಕೆಯಿಂದ ಎದುರಿನ ಬಂಬೂಫ್ಲಾಟಿಗೆ ವಾಹನ ಹೊರುವ ಫೆರಿ ಕೆಲವೇ ರೂಪಾಯಿಗೆ ದಾಟಿಸುತ್ತದೆ. ಹಳೆಯ ಕೆಂಪು ಇಪ್ಪತ್ತರ ನೋಟಿನ ಹಿಂಬದಿಯಲ್ಲಿದ್ದ ತೆಂಗಿನ ಮರ, ದೀಪಸ್ತಂಭದ ನೋಟ ಕಾಣುವ ಬೆಟ್ಟಕ್ಕೆ ಅದೇ ದಾರಿ.

ನಾವು ಬೆಟ್ಟಕ್ಕೆ ಹೋಗಲಿಲ್ಲ. ಸುಮ್ಮನೆ ಆಚೆ ದಡಕ್ಕೆ ಹೋಗಿ, ಚಹಾ ಕುಡಿದು, ಮರಳುವ ಫೆರಿ ಹತ್ತಿದೆವು. ಸ್ಕೂಟರುಗಳು ಒಂದಕ್ಕೊಂದು ಒತ್ತಿ ನಿಂತಿದ್ದವು, ಸಮವಸ್ತ್ರದ ಹುಡುಗಿಯರು ಕಂಬಿಗೆ ಒರಗಿ ನಗುತ್ತಿದ್ದರು, ಯಾರದೋ ಚೀಲದಿಂದ ಮೀನಿನ ನೀರು ಸೋರಿ ಕಬ್ಬಿಣದ ತಳದಲ್ಲಿ ಗೆರೆ ಎಳೆದಿತ್ತು. ಅತ್ತಿಗೆ ಯಾವ ಮಾತ್ರೆಯೂ ಇಲ್ಲದೆ ನಿಂತೇ ಇದ್ದರು. ಎಷ್ಟು ಗಂಟೆಗೆ ಬಿಡುತ್ತೀರಿ ಎಂದು ಹಗ್ಗದ ಬಳಿಯ ಸಿಬ್ಬಂದಿಯನ್ನು ಹಿಂದಿಯಲ್ಲಿ ಕೇಳಿದೆ. ಐದೂ ಹತ್ತು ಎಂದರು. ಅಭ್ಯಾಸಬಲದಿಂದ ಕೈಗಡಿಯಾರ ನೋಡಿಕೊಂಡೆ. ಐದೂ ಹತ್ತಕ್ಕೆ ಹಗ್ಗ ಬಿಚ್ಚಿದರು.